ಬ್ಯಾರೆ ಬೋಗೋಣಿ

“ಎಲ್ಲಾರ ತಾಟಿನ್ಯಾಗ ಎಣಗಾಯಿ ಐತಿ. ನನ್ನ ತಾಟಿನ್ಯಾಗ ಯಾಕ ಇಲ್ಲ?”

ಬೈಲಹೊಂಗಲದ ಆ ಖಾನಾವಳಿಯಲ್ಲಿ ಹದಿನೈದು ಜನ ಒಮ್ಮೆಗೇ ಉಣ್ಣುವುದನ್ನು ನಿಲ್ಲಿಸಿದರು. ಕೇಳಿದವಳು ಕೃಷ್ಣವ್ವ, ತಾಲೂಕು ಕಚೇರಿಯ ಹೊಸ ಟೈಪಿಸ್ಟ್. ಎದುರಿಗೆ ರೊಟ್ಟಿಯ ಬುಟ್ಟಿ ಹಿಡಿದು ನಿಂತಿದ್ದವನು ಖಾನಾವಳಿಯ ಮಾಲೀಕ ನಿಜಗುಣಪ್ಪ.

“ನಿಮ್ಮ ಊಟ ಅದ,” ಎಂದ ಅವನು. “ಉಣ್ಣೂದಿದ್ರ ಉಣ್ರಿ, ಇಲ್ಲಾಂದ್ರ ಬಿಡ್ರಿ.”

ಕೃಷ್ಣವ್ವನ ಕಿವಿ ಬಿಸಿಯಾದವು.

ಅವಳ ತಾಟಿನಲ್ಲಿದ್ದದ್ದು ಜೋಳದ ನುಚ್ಚು, ಮಜ್ಜಿಗೆ, ಮೆಂತ್ಯೆ ಪಲ್ಯ, ಹೆಸರುಕಾಳು. ಮೊದಮೊದಲು ಅವಳಿಗೂ ಎಲ್ಲರಂತೆಯೇ ಬಡಿಸುತ್ತಿದ್ದ; ಈಗ ವಾರದಿಂದ ಇದೇ ನಡೆದಿತ್ತು. ಎಲ್ಲರಿಗೂ ಬಂದ ಮಿರ್ಚಿ ಭಜಿ ಅವಳನ್ನು ದಾಟಿ ಮುಂದೆ ಹೋಗುತ್ತಿತ್ತು. ಎಲ್ಲರಿಗೂ ಚಹಾ, ಅವಳಿಗೆ ಜೀರಿಗೆ ನೀರು. ಸೋಮವಾರದ ಗೋಧಿ ಹುಗ್ಗಿಯಂತೂ ಅವಳ ಹತ್ತಿರ ಸುಳಿಯಲೇ ಇಲ್ಲ.

ಇವತ್ತು ಕೈ ತೊಳೆಯಲು ಹಿತ್ತಲಿಗೆ ಹೋದಾಗ ಅಡುಗೆಮನೆಯೊಳಗೆ ಅವಳ ಕಣ್ಣು ಬಿದ್ದಿತ್ತು. ಮೂಲೆಯಲ್ಲಿ ಬೇರೆ ಒಲೆ, ಬೇರೆ ಸೌಟು, ಮುಚ್ಚಳ ಮುಚ್ಚಿದ ಒಂದು ಸಣ್ಣ ಬೋಗೋಣಿ. “ಅದು ನಿಮ್ದರಿ ಬಾಯಾರ. ಬ್ಯಾರೆದ್ರಾಗ ಕೂಡಸಬ್ಯಾಡ ಅಂದಾರ ಮಾಲಕರು,” ಎಂದು ರೊಟ್ಟಿ ಬಡಿಯುವ ಶೆಟ್ಟೆವ್ವ ಸಹಜವಾಗಿಯೇ ಹೇಳಿದ್ದಳು.

ಬೇರೆ ಬೋಗೋಣಿ... ಅದೂ ಸಾವಿರದ ಒಂಬೈನೂರ ಎಪ್ಪತ್ತೇಳರಲ್ಲಿ!

ಮನೋಳಿಯ ಚಹಾದಂಗಡಿಯಲ್ಲಿ ಅವಳ ಅಪ್ಪ ಜಟ್ಟೆಪ್ಪನಿಗೂ ಒಂದು ಬೇರೆ ಕಪ್ಪು ಇತ್ತು. ಸೂರಿನ ಸಂದಿಯಿಂದ ತಾನೇ ತೆಗೆದು, ಹೊರಗೆ ನಿಂತು ಕುಡಿದು, ತಾನೇ ತೊಳೆದು ಮತ್ತೆ ಅಲ್ಲೇ ಸಿಕ್ಕಿಸಬೇಕಿತ್ತು. ಬುದ್ಧನ ದೀಕ್ಷೆ ತೆಗೆದುಕೊಂಡ ದಿನ ಅಪ್ಪ ಆ ಕಪ್ಪನ್ನು ಒಡೆದು ಬಂದ. ಅವನ ಬೆರಳು ಹಿಡಿದು ನಿಂತಿದ್ದ ಹುಡುಗಿ ಅದನ್ನು ಮರೆತಿರಲಿಲ್ಲ.

ಎದ್ದು ಹೋಗಿಬಿಡಲೇ? ಹೋದರೆ ಇವನಿಗೆ ಬೇಕಾದದ್ದೇ ಆಗುತ್ತದಲ್ಲ...

“ಬಿಡೂದಿಲ್ಲ,” ಎಂದಳು. “ನಾಳೆನೂ ಬರತೇನಿ, ನಾಡದ್ದೂ ಬರತೇನಿ. ಎಷ್ಟ ದಿನಾ ಹಿಂಗ ಬಡಸ್ತೀರಿ ನೋಡತೇನಿ. ಇದಕ್ಕ ಕಾಯ್ದೆ ಐತಿ, ಗೊತ್ತೈತಿಲ್ಲ?”

ಅವಳದೇ ಕಚೇರಿಯ ಗುಮಾಸ್ತ ಉಳವಪ್ಪ ಮೀಸೆಯಲ್ಲೇ ನಕ್ಕ. ನಿಜಗುಣಪ್ಪ ಏನೋ ಹೇಳಲು ಬಾಯಿ ತೆರೆದವನು ಉಳವಪ್ಪನ ಮುಖ ನೋಡಿ ಮುಚ್ಚಿಕೊಂಡ.

ಈ ನಿಜಗುಣಪ್ಪನಿಗೆ ಬಾಯಿ ಇಲ್ಲವೆಂದಲ್ಲ. ಇದ್ದ ಬಾಯಿಯನ್ನು ಯಾವಾಗ ಬಳಸಬೇಕೆಂಬುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ, ಅಷ್ಟೇ.

ಆಮೇಲೆ ಜಿದ್ದು ಶುರುವಾಯಿತು. ಕೃಷ್ಣವ್ವ ದಿನವೂ ಬಂದಳು. ಅವನನ್ನು ದುರುಗುಟ್ಟಿ ನೋಡುತ್ತಲೇ ಆ ನುಚ್ಚನ್ನು ಉಂಡಳು. ರೂಮಿಗೆ ಹೋಗಿ ತಾರೀಖು ಹಾಕಿ ಬರೆದಿಟ್ಟಳು: ಇಂದೂ ಬೇರೆ ಬೋಗೋಣಿ, ಇಂದೂ ಭಜಿ ಇಲ್ಲ. ಸಾಕ್ಷಿ ಗಟ್ಟಿಯಾಗಬೇಕಲ್ಲ!

ಅವಳಿಗೆ ಇನ್ನೊಂದು ಗುಟ್ಟಿತ್ತು. ಮೂರು ವರ್ಷದಿಂದ ಅವಳ ಮೈ ಅವಳ ಮಾತು ಕೇಳುತ್ತಿರಲಿಲ್ಲ. ಭುಜ, ಸೊಂಟ, ಮೊಣಕಾಲು, ಬೆರಳು... ಇಂಥಲ್ಲಿ ಎಂದು ತೋರಿಸಲಾಗದ ನೋವು. ರಾತ್ರಿಯೆಲ್ಲ ಮಲಗಿ ಎದ್ದರೂ ದಿನವಿಡೀ ಕಳೆ ಕಿತ್ತವಳಷ್ಟು ದಣಿವು. ಬೆಳಗಾವಿಯ ಡಾಕ್ಟರು ಎಕ್ಸ್‌ರೇ ಫೋಟೋ ತೆಗೆಸಿ, ಎಲುಬು ಸರಿಯಾಗಿದೆ, ಏನೂ ಇಲ್ಲ ಅಂದಿದ್ದರು. ಲಗ್ನ ಆದರೆ ಹೋಗುತ್ತದೆ ಎಂದು ಅವ್ವ. ಒಮ್ಮೆ ಭುಜ ಒತ್ತಿಕೊಂಡದ್ದನ್ನು ಕಂಡ ಉಳವಪ್ಪನಂತೂ, “ವಯಸ್ಸಿನ ಹುಡುಗೇರ ಸೋಗು,” ಎಂದು ಇದೇ ಖಾನಾವಳಿಯಲ್ಲಿ ನಾಲ್ಕು ಜನರ ಮುಂದೆ ಆಡಿದ್ದ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಂದಿನಿಂದ ಅವಳು ಹಲ್ಲು ಕಚ್ಚಿ ನೋವನ್ನು ಮುಚ್ಚಿಟ್ಟಿದ್ದಳು.

ಬರೆದಿಡಲು ಶುರುಮಾಡಿದ ಇಪ್ಪತ್ತೆರಡನೆಯ ದಿನ ಕಚೇರಿ ಮುಗಿದ ಮೇಲೆ ಕುಳಿತು ಅರ್ಜಿ ಟೈಪ್ ಮಾಡಿದಳು. ಒಂದು ಮೂಲ, ಕಾರ್ಬನ್ ಇಟ್ಟು ಮೂರು ಪ್ರತಿ. ಕೆಳಗಿನ ಪ್ರತಿಯಲ್ಲೂ ಅಕ್ಷರ ಮೂಡಬೇಕೆಂದು ಒಂದೊಂದು ಕೀಲಿಯನ್ನೂ ಸಿಟ್ಟಿನಿಂದಲೇ ಕುಟ್ಟಿದಳು.

ಬೆನ್ನ ಹಿಂದೆ ಹೇಳಿ ಅಭ್ಯಾಸವಿಲ್ಲದವಳು. ನೇರವಾಗಿ ಖಾನಾವಳಿಗೆ ಬಂದು ಅರ್ಜಿಯನ್ನು ನಿಜಗುಣಪ್ಪನ ಮುಂದೆ ಇಟ್ಟಳು. ಸಂಜೆಯ ಊಟಕ್ಕೆ ಇನ್ನೂ ಯಾರೂ ಬಂದಿರಲಿಲ್ಲ.

“ಓದ್ರಿ. ನಾಳೆ ತಹಶೀಲ್ದಾರ ಸಾಹೇಬರ ಟೇಬಲ್ ಮ್ಯಾಲ ಇಡತೇನಿ.”

ಅವನು ಓದಿದ. ಎರಡನೆಯ ಸಲವೂ ಓದಿದ. ಬೇರೆ ಬೋಗೋಣಿ ಎಂಬಲ್ಲಿ ಅವನ ಬೆರಳು ನಿಂತುಬಿಟ್ಟಿತು.

“ಯವ್ವಾ... ಇದು ನನ್ನ ತಲ್ಯಾಗ ಬರಲೇ ಇಲ್ಲ,” ಎಂದ ಮೆಲ್ಲಗೆ. ಮುಖ ಬಿಳುಚಿಕೊಂಡಿತ್ತು.

“ನಿಮಗ ಹೆಂಗ ಬರತೈತಿ? ಹೊರಗ ನಿಂತು ಕುಡದವರಿಗೆ ಬರತೈತಿ.”

ಅವನು ತಲೆ ತಗ್ಗಿಸಿದ. ಹಾಳೆಗಳನ್ನು ಮಗುಚಿ ನೋಡಿ, “ಎಷ್ಟ ಪ್ರತಿ ಹೊಡದ್ರಿ?” ಎಂದು ಕೇಳಿದ.

“ನಾಕು. ಯಾಕ?”

“ಒಂದ ಸಲಕ್ಕ ಕುಂತು? ಬೆರಳು ನೋಯಲಿಲ್ಲೇನ್ರಿ?”

ಕೃಷ್ಣವ್ವ ಬೆರಳು ಮಡಚಿ ಬಿಚ್ಚಿ ನೋಡಿಕೊಂಡಳು. ಬೆರಳು... ನೋಯಲಿಲ್ಲ. ಎರಡು ಹಾಳೆ, ನಡುವೆ ಒಮ್ಮೆಯೂ ಭುಜ ಒತ್ತಿಕೊಂಡಿರಲಿಲ್ಲ!

“ನನ್ನ ಬೆರಳಿನ ಸುದ್ದಿ ನಿಮಗ ಯಾರ ಹೇಳಿದ್ರು?”

“ಯಾರೂ ಹೇಳಲಿಲ್ಲರಿ. ಹುಗ್ಗಿ, ಭಜಿ ಉಂಡ ಮರುದಿನ ನೀವು ನೀರಿನ ಗ್ಲಾಸ ಎರಡೂ ಕೈಲೆ ಎತ್ತತಿದ್ರಿ. ಬಾಗಲಾ ಹಿಡದ ಮೆಟ್ಟಲ ಏರತಿದ್ರಿ. ನಮ್ಮವ್ವ ಗುರವ್ವನೂ ಹಂಗ ಏರತಿದ್ಲು.”

ಅವನು ಅಷ್ಟು ಮಾತಾಡಿದ್ದನ್ನು ಅವಳು ಕೇಳಿದ್ದೇ ಇಲ್ಲ. ಗುರವ್ವನಿಗೂ ಮೈತುಂಬ ನೋವಿತ್ತು. ಯಾರೂ ನಂಬಲಿಲ್ಲ. ಆಕೆಯೇ ಒಂದೊಂದನ್ನೂ ಬಿಟ್ಟು ನೋಡಿ, ಸಕ್ಕರೆ, ಬೆಲ್ಲ, ಚಹಾ, ಕರಿದದ್ದು, ಮೈದಾ ತನಗೆ ಆಗುವುದಿಲ್ಲವೆಂದು ಕಂಡುಕೊಂಡಳು. ಬಿಸಿ ನುಚ್ಚು, ಕಾಳು, ತಪ್ಪಲುಪಲ್ಯ ಉಂಡ ದಿನಗಳಲ್ಲಿ ನೋವು ಹೋಗುತ್ತಿರಲಿಲ್ಲ, ಆದರೆ ತಾಳಿಕೊಳ್ಳುವಷ್ಟು ಇಳಿಯುತ್ತಿತ್ತು.

“ಒಂದ ದಿನಾ ನಾನೂ ಅಂದೆ, ಸೋಗು ಮಾಡಬ್ಯಾಡಬೇ ಅಂತ. ಅವತ್ತಿನಿಂದ ಅವ್ವ ಬ್ಯಾನಿ ಅಂತ ಬಾಯಿ ಬಿಡಲಿಲ್ಲ. ಸಾಯೂತನಕ ಬಿಡಲಿಲ್ಲ.” ಹೆಗಲ ಮೇಲಿನ ವಸ್ತ್ರದಿಂದ ಮುಖ ಒರೆಸಿಕೊಂಡ. “ಉಳವಪ್ಪ ನಿಮಗೂ ಹಂಗ ಅಂದ್ರಲ್ಲ... ಎಣ್ಣಿ, ಬೆಲ್ಲ ತಾಗಬಾರದಂತ ಬೋಗೋಣಿ ಬ್ಯಾರೆ ಇಟ್ಟೆ. ನಾಕ ಮಂದ್ಯಾಗ ಕೇಳಿದ್ರ ನಿಮ್ಮ ನೌಕರಿಗೆ ಕುತ್ತು ಅನಕೊಂಡು ಸುಮ್ನ ಬಡಿಸಿದೆ.”

ಕೃಷ್ಣವ್ವನ ಕಣ್ಣು ತುಂಬಿದವು. ಮೂರು ವರ್ಷದಲ್ಲಿ ಅವಳ ನೋವನ್ನು ನಂಬಿದ ಮೊದಲ ಮನುಷ್ಯ, ಅವಳ ವೈರಿ! ಆದರೂ ಸಿಟ್ಟು ಇಳಿಯಲಿಲ್ಲ.

“ಸುಮ್ನ ಬಡಸಾಕ ನಾನೇನ ಕಟ್ಟಿದ ಎಮ್ಮಿ ಅಲ್ಲ. ನನ್ನ ಬ್ಯಾನಿ ನನ್ನದು, ನನ್ನ ತಾಟೂ ನನ್ನದು. ಒಂದ ಮಾತ ಕೇಳಬೇಕಿತ್ತು.”

“ಹೌದರಿ. ಕೇಳಬೇಕಿತ್ತು.” ಅವಳ ಪೆನ್ನು ತೆಗೆದುಕೊಂಡು ಅರ್ಜಿಯ ಕೆಳಗೆ ಬರೆದ: ಬೇರೆ ಬೋಗೋಣಿ ಇಟ್ಟದ್ದು ನಿಜ. ಸಹಿ ಹಾಕಿದ. “ಕೊಡ್ರಿ ಇದನ್ನ. ಸುಳ್ಳ ಏನೂ ಬರದಿಲ್ಲ ನೀವು.”

ಅವಳು ಕಾಗದ ಕಸಿದುಕೊಂಡು ಹೊರಟುಹೋದಳು.

ಹಟಕ್ಕೆಂದೇ ಎರಡು ದಿನ ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಭಜಿ ತಿಂದಳು, ಸಕ್ಕರೆ ಚಹಾ ಕುಡಿದಳು. ಮೂರನೆಯ ಬೆಳಗ್ಗೆ ತಲೆ ಬಾಚಲು ಕೈ ಮೇಲೇಳಲಿಲ್ಲ. ಅರ್ಧ ಹೆಣೆದ ಜಡೆ ಹಿಡಿದು ಗೋಡೆಗೆ ಒರಗಿ ಅತ್ತಳು. ಅಳುತ್ತಾ ನೆನಪಾದದ್ದು ನುಚ್ಚಲ್ಲ, ಕೆಳಗೆ ಸಹಿ ಹಾಕಿದ ಆ ಕೈ... ಇದೆಂಥ ಹಣೆಬರಹ ಎಂದು ತನ್ನನ್ನೇ ಬೈದುಕೊಂಡಳು.

ಮಧ್ಯಾಹ್ನ ಖಾನಾವಳಿ ತುಂಬಿತ್ತು. ಅವಳು ಹೊಸ್ತಿಲು ದಾಟಿದೊಡನೆ ಮಾತು ನಿಂತಿತು. ನಡುವಿನ ಸಾಲಿನಲ್ಲಿ ಕುಳಿತಳು.

ನಿಜಗುಣಪ್ಪ ಬಂದು ನಿಂತ. “ಏನ ಹಾಕ್ಲಿರಿ?”

ಮೊದಲ ಸಲ ಕೇಳಿದ್ದ.

“ಎರಡೂ ಬೋಗೋಣಿ ಇಲ್ಲಿ ತರ್ರಿ.”

ತಂದ. ಅವಳು ಎಣಗಾಯಿಯ ಕಡೆ ನೋಡಿದಳು. ಸಣ್ಣ ಬೋಗೋಣಿಯಿಂದ ತಾನೇ ನುಚ್ಚು ಬಡಿಸಿಕೊಂಡಳು. “ನನಗ ಮೈಬ್ಯಾನಿ ಐತಿ. ಎಣ್ಣಿದು, ಸಿಹಿದು ಆಗಿಬರೂದಿಲ್ಲ. ಅದಕ್ಕ ಇದು,” ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು. ನಂತರ ಇನ್ನೊಂದು ತಾಟನ್ನು ಪಕ್ಕಕ್ಕೆ ಎಳೆದು ಅದೇ ಬೋಗೋಣಿಯಿಂದ ಬಡಿಸಿದಳು.

“ಕುಂಡ್ರಿ. ಉಣ್ರಿ.”

ಮಾಲೀಕ ಗಿರಾಕಿಗಳ ಸಾಲಿನಲ್ಲಿ ಕುಳಿತು ಉಂಡದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಅದೂ ಇವಳ ಕೈಯಿಂದ, ಇವಳ ಪಕ್ಕದಲ್ಲಿ! ನಿಜಗುಣಪ್ಪ ರೊಟ್ಟಿಯ ಬುಟ್ಟಿ ಕೆಳಗಿಟ್ಟು ಕುಳಿತ. ಅವನು ಮೊದಲ ತುತ್ತು ಬಾಯಿಗಿಟ್ಟೊಡನೆ ಉಳವಪ್ಪ ತಾಟು ಸರಿಸಿ ಎದ್ದುಹೋದ. ಅವನ ಹಿಂದೆ ಇನ್ನಿಬ್ಬರು. ನಿಜಗುಣಪ್ಪ ತಲೆ ಎತ್ತಲಿಲ್ಲ, ಉಣ್ಣುವುದನ್ನು ನಿಲ್ಲಿಸಲೂ ಇಲ್ಲ.

“ಅರ್ಜಿ ಏನ ಮಾಡಿದ್ರಿ?” ಎಂದ, ಅವಳಿಗಷ್ಟೇ ಕೇಳುವಂತೆ.

“ಪೆಟಗ್ಯಾಗ ಐತಿ. ಇನ್ನೊಮ್ಮಿ ಕೇಳದ ಬಡಸಿದ್ರ ನಾಕೂ ಪ್ರತಿ ಕೊಡತೇನಿ.”

“ದಿನಾ ಕೇಳತೇನಿ.” ಮಜ್ಜಿಗೆ ಕಲಸುತ್ತಿದ್ದ ಅವನ ಕೈ ನಿಂತಿತು. “ಇನ್ನೊಂದು ಕೇಳೂದೈತಿ. ಭಾಳ ದಿನದಿಂದ ಐತಿ. ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ನನಗ...”

“ಇಲ್ಲಿ ಬ್ಯಾಡ.” ಕೃಷ್ಣವ್ವನ ಎದೆ ಹೊಡೆದುಕೊಳ್ಳುತ್ತಿತ್ತು. “ಮನೋಳಿಗೆ ಬರ್ರಿ. ನಮ್ಮಪ್ಪನ ಮನ್ಯಾಗ ಕುಂತು, ಅವನ ಕೈಲೆ ಬಡಸಿದ್ದ ಉಂಡು, ಆಮ್ಯಾಲ ಕೇಳ್ರಿ.”

“ಅವರು ಏನ ಹಾಕಿದ್ರೂ ಉಣ್ತೇನಿ.”

ಅವಳು ನಕ್ಕಳು. ಆ ಖಾನಾವಳಿಯಲ್ಲಿ ಅವಳು ನಕ್ಕದ್ದು ಅಂದೇ ಮೊದಲು.

“ನಮ್ಮಪ್ಪ ಹಂಗ ಹಾಕೂದಿಲ್ಲರಿ. ಏನ ಹಾಕ್ಲಿ ಅಂತ ಮೊದಲ ಕೇಳತಾನ.”