ಹೊತ್ತು ಮುಳುಗಿದ ಮೇಲೆ ಬಂದ ಜೀಪು

“ಈಗ ಬಂದ್ರಿ? ಹೊತ್ತು ಮುಳುಗಿದ ಮ್ಯಾಲ!”

ಪಾರಿಸ ಜೀಪಿನಿಂದ ಪೂರ್ತಿ ಇಳಿದಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಚಂದ್ರಮತಿ ಬಾಗಿಲಿಗೆ ಅಡ್ಡ ನಿಂತಿದ್ದಳು.

ಟಾಂಜಾನಿಯಾದ ಕಬ್ಬು ಬೆಳೆಗಾರರಿಗೆ ಎರಡು ವರ್ಷ ಬೆಲ್ಲ ಮಾಡಲು ಕಲಿಸಿ ಬಂದಿದ್ದ ಪಾರಿಸ, ಅವಳಿಗೆ ಗೊತ್ತು ಮಾಡಿದ ವರ. ಅವನ ಹಿಂದೆ ಆ ದೇಶದ ಮೂವರು ರೈತ ಹೆಂಗಸರು. ಗಾಣದ ಯಂತ್ರ ಕೊಳ್ಳಲು ಬಂದಿದ್ದರು.

ಬೆಳಿಗ್ಗೆ ಹಾರೂಗೇರಿಯಲ್ಲಿ ಚಂದ್ರಮತಿಯ ಕಾಕಾ ಬಾಪುಸಾಹೇಬರು ಈ ಹೆಂಗಸರಿಗೆ ಹಾರ ಹಾಕಿದ್ದರು. ಗಾಣ ಮಾರುವವರು ಕಾಕಾ ಅವರೇ. “ನಡುವೆ ಸಮುದ್ರವಿದ್ದರೂ ನಾವೆಲ್ಲ ಒಂದೇ ಮನೆಯವರು” ಎಂದು ಭಾಷಣ ಬಿಗಿದಿದ್ದರು. ಆ ಮನೆಗೊಂದು ಅಡುಗೆಮನೆಯೂ ಇರುತ್ತದೆಂಬುದು ಮಾತ್ರ ಭಾಷಣದಲ್ಲಿ ಬರಲಿಲ್ಲ.

ಸತ್ತಿ ಊರಿನ ಈ ಜೈನರ ಮನೆಯಲ್ಲಿ ಹೊತ್ತು ಮುಳುಗಿದರೆ ಒಲೆ ಉರಿಯುವುದಿಲ್ಲ, ಯಾರೂ ಉಣ್ಣುವುದಿಲ್ಲ. ಚಂದ್ರಮತಿ ಮಾಡಿಟ್ಟ ಹೋಳಿಗೆ ಹಾಗೇ ಆರಿಹೋಗಿತ್ತು. ಅತಿಥಿಗಳಿಗಾಗಿ ಕಾದು ಅವಳೂ ಉಂಡಿರಲಿಲ್ಲ.

“ನಮ್ಮನಿ ಊಟ ಅವರಿಗೆ ತೋರಸಾಕ ನಾಚಿಕಿ ಬಂತೇನ್ರಿ?”

“ನಾಚಿಕಿ? ನನಗ?” ಅವನ ದನಿಯೂ ಏರಿತು. “ಮಾಂಸ ತಿನ್ನೋರಿಗೆ ನಮ್ಮನಿ ತಾಟ ಕೊಡಾಂಗಿಲ್ಲ ಅಂತ ಹೇಳಿ ಕಳಸಿದಾಕಿ ನೀನ!”

“ನಾ...? ಯಾರು ಹೇಳಿದ್ರು?”

“ನಿಮ್ಮ ಕಾಕಾ! ಹೊರಗ ಉಣಿಸಿ ಕತ್ತಲಾದ ಮ್ಯಾಲ ಕರ್ಕೊಂಡ ಬಾ ಅಂದ್ರು. ಇವರು ಹೊರಗ ಉಣ್ಣಲಿಲ್ಲ, ನಿಮ್ಮನ್ಯಾಗ ಉಣ್ತೀವಿ ಅಂದ್ರು. ಏನಂತ ಹೇಳ್ಲಿ? ಹೊಳಿ ದಂಡಿ ಸುತ್ತಿಸಿಕೋತ ಕುಂತೆ.”

ಚಂದ್ರಮತಿಯ ಮೈಯೆಲ್ಲ ಉರಿಯಿತು. ಎರಡು ವರ್ಷ ಕಾದದ್ದು ಈ ಸುಳ್ಳಿಗೆ ಬಲಿಯಾಗುತ್ತಿತ್ತಲ್ಲ!

ಬಾಗಿಲಲ್ಲೇ ಒಳಕ್ಕೆ ತಿರುಗಿದಳು. ಕಾಕಾ ಮಂಚದ ಮೇಲೆ ಕೂತಿದ್ದರು.

“ಯಾಕ ಬೇ, ಧರ್ಮ ಅಂದ್ರ ಧರ್ಮ. ಹೊತ್ತು ಮುಳುಗೇತಿ, ನಾ ಏನ್ ಮಾಡ್ಲಿ?”

“ಜೀಪ್ ತಡಾ ಮಾಡಿಸಿದ್ದು ಧರ್ಮ ಅಲ್ಲ ಕಾಕಾ, ನೀವು! ಗಾಣ ಮಾರಾಕ ಎಲ್ಲಾರೂ ಒಂದ ಮನಿಯವರು, ತಾಟ ಇಡಾಕ ಬ್ಯಾರೆ ಮನಿ?”

ಅಷ್ಟರಲ್ಲಿ ಹಿರಿಯಳಾದ ನೀಮಾ ಮುಂದೆ ಬಂದು, ಪಾರಿಸ ಕಲಿಸಿದ್ದ ಊರಿನ ಕುಶಲಪ್ರಶ್ನೆಯನ್ನು ನಗುತ್ತ ಒಪ್ಪಿಸಿದಳು.

“ಊಟ ಆತೇನ್ರಿ?”

ಚಂದ್ರಮತಿಯ ಕಣ್ಣು ತುಂಬಿ ಬಂತು.

“ಇಲ್ಲ ಅಕ್ಕಾ... ನಂದೂ ಆಗಿಲ್ಲ.” ಅವಳ ಕೈ ಹಿಡಿದು ಪಾರಿಸನತ್ತ ತಿರುಗಿದಳು. “ಹೇಳ್ರಿ ಅವರಿಗೆ. ಇವತ್ತು ಇಲ್ಲೇ ಮಲಗ್ಲಿ. ಮುಂಜಾನೆ ಎಲ್ಲಾರೂ ಒಂದ ಪಂಕ್ತಿ. ಕಾಕಾ ಈ ಅಕ್ಕನ ಮಗ್ಗಲಕ್ಕ ಕೂಡ್ತಾರ.”

ನೀಮಾ ಕೇಳಿಸಿಕೊಂಡು ಕಾಕಾನನ್ನು ನೆಟ್ಟಗೆ ನೋಡಿ ಏನೋ ಅಂದಳು.

“ಗಾಣದ ಮಾತು ಊಟ ಆದ ಮ್ಯಾಲ, ಅಂತಾರ” ಎಂದ ಪಾರಿಸ.

ಕಾಕಾ ಮಂಚದಿಂದ ಎದ್ದೇಬಿಟ್ಟರು. “ಬರ್ರಿ, ಬರ್ರಿ! ಒಳಗ ಬರ್ರಿ!”

ರಾತ್ರಿ ಉಳಿದ ಅಡುಗೆ ಈ ಮನೆಯವರು ಉಣ್ಣುವುದಿಲ್ಲ. ಹೋಳಿಗೆ ದನಗಳ ಪಾಲಾಯಿತು. ಬೆಳಗಾದ ಮೇಲೆ ಚಂದ್ರಮತಿ ಮತ್ತೆ ಕಣಕ ನಾದಿದಳು. ಹೊತ್ತೇರಿದಾಗ ಕಾಕಾ ನೀಮಾಳ ಪಕ್ಕದಲ್ಲಿ ಕೂತು ಉಂಡರು. ಅವರ ತಾಟಿನಂಥದೇ ತಾಟು ಅವಳಿಗೂ. ಆಕಾಶವೇನೂ ಬೀಳಲಿಲ್ಲ. ಕಾಕಾ ಇನ್ನೊಂದು ಹೋಳಿಗೆ ಹಾಕಿಸಿಕೊಂಡರು.

ಹಿತ್ತಲಲ್ಲಿ ಪಾರಿಸನ ಕೈಗೆ ಚಂದ್ರಮತಿ ನೀರು ಹಾಕಿದಳು.

“ನಾ ಹಂಗ ಅಂದಿರ್ತೀನಿ ಅಂತ ಹ್ಯಾಂಗ ನಂಬಿದ್ರಿ?”

“ನನಗ ನಾಚಿಕಿ ಅಂತ ನೀ ಹ್ಯಾಂಗ ನಂಬಿದಿ?”

ತಂಬಿಗೆ ಖಾಲಿಯಾಗಿದ್ದರೂ ಅವನು ಕೈ ಹಿಂದೆ ತೆಗೆಯಲಿಲ್ಲ.

“ತಪ್ಪಾತು, ಚಂದ್ರಮತಿ. ಇನ್ನ ಮ್ಯಾಲ ನಿನ್ನ ಬಗ್ಗೆ ಏನಿದ್ರೂ ನಿನ್ನ ಕೇಳ್ತೀನಿ.”

“ಅಷ್ಟ ಸಾಲಂಗಿಲ್ಲ. ಹೊತ್ತು ಮುಳುಗೂದ್ರೊಳಗ ಮನಿಗೆ ಬರಬೇಕು.”

“ಯಾವತ್ತು?”

“ದಿನಾ...”