ಹಳೇಪೇಟೆ ವಾಡೆಯ ಕೀಲಿಕೈ

2025ರ ನವೆಂಬರ್ 9, ಭಾನುವಾರ. ಬೆಳಿಗ್ಗೆ 8 ಗಂಟೆ 40 ನಿಮಿಷಕ್ಕೆ ಕನಕಗಿರಿ ಠಾಣೆಗೆ ಒಂದು ದೂರು ಬಂತು. ದೂರುದಾರನ ಹೆಸರು ಸಿದ್ದಾರ್ಥ, ವಯಸ್ಸು ಇಪ್ಪತ್ತೊಂಬತ್ತು, ಉದ್ಯೋಗ ದೆವ್ವ ತೋರಿಸುವುದು. ತಮಾಷೆಗೆ ಹೇಳಿದ್ದಲ್ಲ. ಪ್ರತಿ ಶನಿವಾರ ಸಂಜೆ ಪರಊರಿನವರನ್ನು ಕಟ್ಟಿಕೊಂಡು ಅವನು ಹಳೇಪೇಟೆಯ ಓಣಿಗಳಲ್ಲಿ ನಡೆಸುತ್ತಾನೆ. ಇಲ್ಲಿ ತಲೆಯಿಲ್ಲದ ಸವಾರ, ಅಲ್ಲಿ ಗೆಜ್ಜೆ ಸಪ್ಪಳ ಎಂದು ಕತೆ ಹೇಳುತ್ತಾನೆ. ಕೊನೆಗೆ ವಾಡೆ ಎಂಬ ಪಾಳುಬಿದ್ದ ದೊಡ್ಡಮನೆಯೊಳಗೆ ಕರೆದೊಯ್ದು, ಗಂಡನಿಗೆ ವಿಷ ಹಾಕಿ ಬಾವಿಗೆ ಹಾರಿದ ಹೊಳೆವ್ವ ಎಂಬ ದೆವ್ವದ ಅಳು ಕೇಳಿಸುತ್ತಾನೆ. ಅದಕ್ಕೆ 'ದೆವ್ವದ ನಡಿಗೆ' ಎಂದು ಹೆಸರಿಟ್ಟಿದ್ದಾನೆ. ಬದುಕಿದ್ದವರನ್ನೇ ಕೇಳುವವರಿಲ್ಲದ ಊರಿನಲ್ಲಿ ಸತ್ತವರಿಗೆ ಬಂತು ನೋಡಿ ಕಾಲ!

ಪಿಎಸ್‌ಐ ಕಾಳಪ್ಪ ಪೆನ್ನು ತೆಗೆದರು.

"ಏನಾತು? ನೆಟ್ಟಗ ಹೇಳು."

"ನಮ್ಮನ್ನ ವಾಡೇದಾಗ ಕೂಡಿ ಹಾಕಿ ಹೊರಗಿಂದ ಕೀಲಿ ಹಾಕ್ಯಾರ್ರಿ ಸರ್. ಬಂದವರು ಹದಿನಾಲ್ಕು ಮಂದಿ, ನಾ ಒಬ್ಬಾವ."

"ಎಷ್ಟರಿಂದ ಎಷ್ಟರ ತನಕ?"

"ಏಳಕ್ಕ ಒಳಗ ಹೋದ್ವಿ. ಎಂಟೂ ಮುಕ್ಕಾಲಕ್ಕ ನಮ್ಮ ಗಾಡಿ ಡ್ರೈವರ್ ಹುಡುಕ್ಕೋಂತ ಬಂದು ತಗದ."

"ಫೋನ್ ಇರಲಿಲ್ಲೇನು?"

ನಡಿಗೆ ಶುರುವಾಗುವ ಮೊದಲು ಎಲ್ಲರ ಫೋನುಗಳನ್ನು ಬುಟ್ಟಿಗೆ ಹಾಕಿಸಿ ಗಾಡಿಯಲ್ಲಿ ಇಡಿಸುವುದು ಸಿದ್ದಾರ್ಥನದೇ ನಿಯಮ. ಕೈಯಲ್ಲಿ ಫೋನಿದ್ದರೆ ಜನ ಹೆದರುವುದಿಲ್ಲವಂತೆ. ತನ್ನ ಫೋನನ್ನೂ ಅದೇ ಬುಟ್ಟಿಗೆ ಹಾಕಿದ್ದ.

"ಒದರಬೇಕಿತ್ತಪಾ."

"ಗಂಟ್ಲು ಹರಿಯೋ ಹಂಗ ಒದರಿದ್ವಿ ಸರ್. ಒಬ್ಬರೂ ಬರಲಿಲ್ಲ."

ಕುಷ್ಟಗಿಯ ಶಿಕ್ಷಕಿ ರೂಪಾ ಎಂಬವರು ಒಳಗೇ ಮೂರ್ಛೆ ಹೋಗಿದ್ದರು. ಗಂಗಾವತಿಯಲ್ಲಿ ಚಿಕಿತ್ಸೆ ಪಡೆದು ಈಗ ಸುಧಾರಿಸಿಕೊಂಡಿದ್ದರು. ಅಕ್ರಮ ಬಂಧನದ ಅಪರಾಧ ಎಂದು ಬೆಳಿಗ್ಗೆ 9.30ಕ್ಕೆ ಎಫ್‌ಐಆರ್ ದಾಖಲಾಯಿತು.

10.30ಕ್ಕೆ ಸ್ಥಳ ಪಂಚನಾಮೆ. ಕಾಳಪ್ಪನವರ ಜೊತೆ ಮಹಿಳಾ ಕಾನ್ಸ್‌ಟೇಬಲ್ ರಂಜಿತಾ ಇದ್ದಳು. ಹೆರಿಗೆ ರಜೆ ಮುಗಿಸಿ ಬಂದು ಅವಳಿಗೆ ಇನ್ನೂ ವಾರವಾಗಿರಲಿಲ್ಲ. ಜೀಪು ಓಡಿಸಿದವನು ಕಾನ್ಸ್‌ಟೇಬಲ್ ಯಂಕೇಶ. ಸಿದ್ದಾರ್ಥನನ್ನೂ ಅವನ ಗಾಡಿ ಡ್ರೈವರನನ್ನೂ ಕರೆತಂದಿದ್ದರು. ವಾಡೆ ಅಂದರೆ ಈಗ ನಾಲ್ಕು ಗೋಡೆ ಮತ್ತು ಒಂದು ತಲಬಾಗಿಲು, ಅಷ್ಟೇ. ಆದರೆ ಗೋಡೆಗಳು ಎರಡಾಳೆತ್ತರ, ಬಾಗಿಲು ತೇಗದ್ದು. ಹೊರಗಿನ ಸರಪಳಿ ಕೊಂಡಿಯಲ್ಲಿ ಹೊಸ ಕಬ್ಬಿಣದ ಬೀಗ ನೇತಾಡುತ್ತಿತ್ತು.

"ಹೆಂಗ ಒಡದಿ?" ಎಂದು ಆ ಗಾಡಿ ಡ್ರೈವರನನ್ನು ಕಾಳಪ್ಪ ಕೇಳಿದರು.

"ಒಡೀಲಿಲ್ರಿ. ಕೀಲಿಕೈ ಅದರಾಗ ಇತ್ತು. ತಿರುವಿದೆ, ತಗೀತು."

ಕಾಳಪ್ಪ ಬರೆಯುವುದನ್ನು ನಿಲ್ಲಿಸಿದರು. ಅಲ್ಲ, ಕೀಲಿ ಹಾಕಿದವರು ಕೀಲಿಕೈಯನ್ನು ಅಲ್ಲೇ ಬಿಟ್ಟು ಹೋಗುತ್ತಾರೆಯೇ? ಒಂದೂ ಮುಕ್ಕಾಲು ತಾಸು ಹದಿನೈದು ಜನ ಒದರಿದ್ದಾರೆ, ಓಣಿಯ ಯಾವನಾದರೂ ಎದ್ದು ಬಂದು ಬೆರಳು ಆಡಿಸಿದ್ದರೆ ಸಾಕಿತ್ತು.

ಬಾಗಿಲ ಮೇಲೆ ಇದ್ದಿಲಿನಲ್ಲಿ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: 'ಹೊಳೆವ್ವ ದೆವ್ವ ಅಲ್ಲ.' ಹೊಸ್ತಿಲ ಮೇಲೆ ಒಂದು ಹಸಿರು ಖಣದ ಬಟ್ಟೆ, ಅದರಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಷಿಣ ಕೊಂಬು, ಎಲೆ ಅಡಿಕೆ. ಪಕ್ಕದಲ್ಲಿ ಒಂದು ಡಜನ್ ಹಸಿರು ಬಳೆ. ಬಿಳಿ ಬಟ್ಟೆಯ ಗಂಟೊಂದರಲ್ಲಿ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ.

"ಮಾಟಾರಿ ಸರ್, ಮುಟ್ಟಬ್ಯಾಡ್ರಿ," ಎಂದು ಸಿದ್ದಾರ್ಥ ಎರಡು ಹೆಜ್ಜೆ ಹಿಂದೆ ಸರಿದ. ಊರಿಗೆಲ್ಲ ದೆವ್ವ ಹಂಚುವವನ ಧೈರ್ಯ ಇಷ್ಟೇ.

ಪಂಚರಾಗಿ ಎದುರು ಮನೆಯ ವಿರುಪಣ್ಣನನ್ನೂ ಇನ್ನೊಬ್ಬರನ್ನೂ ಕರೆದರು. ವಿರುಪಣ್ಣನಿಗೆ ಎಪ್ಪತ್ತಾರು ವರ್ಷ. ಅವನ ಕಟ್ಟೆಯಿಂದ ವಾಡೆಯ ಬಾಗಿಲು ಇಪ್ಪತ್ತು ಹೆಜ್ಜೆ.

"ನಿನ್ನಿ ಸಂಜಿ ಮನ್ಯಾಗ ಇದ್ದೇನಜ್ಜಾ?"

"ಇದ್ದೆರಿ."

"ಒದರಿದ್ದು ಕೇಳಿತೇನು?"

"ಕೇಳಿತ್ರಿ."

"ಮತ್ತ ಯಾಕ ಎದ್ದು ಬರಲಿಲ್ಲ?"

"ವಾರಾ ವಾರಾ ಕೇಳ್ತೈತ್ರಿ ಅದು. ಈ ಹುಡುಗ ತಾನ ಮನಿ ಮನಿಗಿ ಬಂದು ಹೇಳ್ಯಾನ, ವಾಡೇದಾಗ ಅಳೂದು ಒದರೂದು ಕೇಳಿದ್ರ ಯಾರೂ ಬರಬ್ಯಾಡ್ರಿ, ನಮ್ಮ ಸ್ಪೀಕರ್ ಐತಿ ಅಂತ."

ಕಾಳಪ್ಪ ಸಿದ್ದಾರ್ಥನ ಕಡೆ ತಿರುಗಿದರು. ಅವನು ಹೌದೆಂದು ತಲೆಯಾಡಿಸಿದ. ಜನ ನಡುವೆ ಬಂದರೆ ಆಟ ಕೆಡುತ್ತದೆ ಎಂದು ಅವನೇ ಓಣಿಯ ಕಿವಿ ಮುಚ್ಚಿಸಿದ್ದ. ತಾನು ತೋಡಿದ ಗುಂಡಿಗೆ ತಾನೇ ಬಿದ್ದಿದ್ದ, ಹದಿನಾಲ್ಕು ಜನರನ್ನೂ ಎಳೆದುಕೊಂಡು.

ಅಷ್ಟರಲ್ಲಿ ರಂಜಿತಾ ಹೊಸ್ತಿಲ ಬಳಿ ಕುಕ್ಕರುಗಾಲಲ್ಲಿ ಕೂತು ಆ ಖಣವನ್ನೇ ನೋಡುತ್ತಿದ್ದಳು.

"ಸಾಹೇಬ್ರ, ಇದು ಮಾಟ ಅಲ್ರಿ. ಕುಬಸದ ಉಡಿ ಐತಿ."

"ಏನು?"

"ಬಸರಿ ಹೆಣಮಗಳಿಗೆ ತವರಿನವರು ಮಾಡ್ತಾರಲ್ರಿ. ಹಸಿರು ಖಣ, ಹಸಿರು ಬಳಿ, ಬಯಕಿ ಬುತ್ತಿ. ನಂದ ಆಗಿ ಎಂಟು ತಿಂಗಳಾತು, ನನಗ ಗೊತ್ತಾಗಲ್ಲೇನ್ರಿ? ನಮ್ಮವ್ವ ಹಿಂಗ ಗಂಟು ಕಟ್ಟಿ ತಂದಿದ್ಲು."

"ಅದು ಹೆಂಗಾಗ್ತೈತಿ ಮೇಡಂ?" ಎಂದು ಸಿದ್ದಾರ್ಥ ನಕ್ಕ. "ಹೊಳೆವ್ವ ನಿಜಾಮನ ಕಾಲದಾಕಿ. ನೂರೈವತ್ತು ವರ್ಷ ಆತು."

"ನೂರೈವತ್ತು ವರ್ಷದ ಹಿಂದ ಸತ್ತಾಕಿಗೆ ಯಾರೋ ಮಾರಾಯಾ ಶೇಂಗಾ ಹೋಳಿಗಿ ಕಟಗೊಂಡು ಬರ್ತಾರ?" ಎಂದಳು ರಂಜಿತಾ. "ಇದನ್ನ ಇಟ್ಟಾಕಿ ಆಕೀನ ನೋಡ್ಯಾಳ. ಆಕಿ ತವರಿನ ಕಡೆಯಾಕಿ."

"ಆ ಕತಿ ನಿನಗ ಯಾರು ಹೇಳಿದ್ರು?" ಎಂದು ಕಾಳಪ್ಪ ಸಿದ್ದಾರ್ಥನನ್ನು ಕೇಳಿದರು.

"ಚಾದಂಗಡ್ಯಾಗ ಕುಂದರೋ ಹಿರೇರು ಹೊಳೆವ್ವನ ದೆವ್ವ ಐತಿ ಅಂದ್ರು. ಉಳಕೀದು... ನಾ ಸ್ವಲ್ಪ ಕೂಡಿಸೀನ್ರಿ. ಮಂದಿಗೆ ರುಚಿ ಹತ್ತಬೇಕಲ್ರಿ."

ವಿಷ, ಬಾವಿ, ನಿಜಾಮನ ಕಾಲ ಎಲ್ಲವೂ ಅವನ ಒಗ್ಗರಣೆ. ವಿರುಪಣ್ಣ ಈ ಮಾತು ನಡೆಯುವಾಗ ತನ್ನ ಕಟ್ಟೆಯ ಕಡೆ ನೋಡುತ್ತಿದ್ದ. ಪಂಚನಾಮೆಗೆ ಸಹಿ ಹಾಕಿ, ಇನ್ನೇನೂ ಕೇಳುವ ಮೊದಲೇ ಒಳಗೆ ಹೋದ.

ಸೋಮವಾರ ಬೆಳಿಗ್ಗೆ ಯಂಕೇಶ ಹಳೆಯ ಜನನ ಮರಣ ರಿಜಿಸ್ಟರುಗಳನ್ನು ತೆಗೆಸಿ ಧೂಳು ಕುಡಿದ. ಮಧ್ಯಾಹ್ನ 1.15ಕ್ಕೆ ಒಂದು ಸಾಲು ಸಿಕ್ಕಿತು, ಹೊಳೆವ್ವನ ಕಾಗದದ ಹೆಸರಿನಲ್ಲಿ: 1993, ಜೂನ್ 11, ಹೊಳಿಯಮ್ಮ, ವಯಸ್ಸು 20, ವಾಡೆ, ಹಳೇಪೇಟೆ, ಕಾರಣ ಜ್ವರ. ಬಸುರಿ ಎಂದು ಎಲ್ಲೂ ಬರೆದಿರಲಿಲ್ಲ. ತವರಿನ ಹೆಸರೂ ಇರಲಿಲ್ಲ. ಗಂಡನ ಮನೆಯವರು ಊರು ಬಿಟ್ಟು ಇಪ್ಪತ್ತು ವರ್ಷ ದಾಟಿತ್ತು.

ಅದೇ ಹೊತ್ತಿಗೆ ರಂಜಿತಾ ಬಳೆಗಳನ್ನು ಹಿಡಿದು ಸಂತೆ ಬೀದಿಗೆ ಹೋಗಿದ್ದಳು. ಮೂರನೇ ಅಂಗಡಿಯಲ್ಲಿ ಬಳೆಗಾರ್ತಿ ಕಾಸೀಮಬೀ ಬಳೆಗಳಿಗೆ ಕಟ್ಟಿದ್ದ ದಾರ ನೋಡಿಯೇ ಗುರುತು ಹಿಡಿದಳು.

"ನನ್ನವ ಅದಾವ. ಶುಕ್ರವಾರ ಕೊಟ್ಟೀನಿ."

"ಯಾರಿಗೆ ಅನ್ನೋದು ನೆನಪೈತೇನಮ್ಮಾ?"

"ನೆನಪಿಲ್ದೇನ? ದೊಡ್ಡ ಕೈಯಾಕಿ, ಅರವತ್ತರ ಹತ್ರ ಬಂದಾಳ. ಆದ್ರ ಕೇಳಿದ್ದು ಎರಡು ಎರಡರ ಅಳತಿ, ಸಣ್ಣ ಹುಡುಗೇರ ಕೈಗಿ ಬರೂವು. ಕೈ ಯಾರದಬೇ ಅಂದೆ. ನಮ್ಮ ತಂಗೀದು ಅಂದ್ಲು. ನಿನ್ನ ತಂಗಿ ಕೈ ಇಷ್ಟ ಸಣ್ಣದೇನು ಅಂತ ನಕ್ಕೆ. ಆಕಿ ನಗಲಿಲ್ಲ."

"ಯಾ ಊರಾಕಿ?"

"ಯಾಕ್ಬೇ, ಏನ್ ಮಾಡ್ಯಾಳ? ಭಾಳ ಛಲೋ ಹೆಂಗಸು. ನನ್ನ ಮೊಮ್ಮಗಳ ಹೆರಿಗ್ಯಾಗ ರಾತ್ರಿಯೆಲ್ಲ ಕೈ ಹಿಡಕೊಂಡು ಕುಂತಾಕಿ ಆಕಿ. ದವಾಖಾನಿ ಆಯಾ. ಇರಕಲ್ಲಗಡದ ಪಕೀರಮ್ಮ."

ನವೆಂಬರ್ 11, ಮಂಗಳವಾರ, ಬೆಳಿಗ್ಗೆ 11 ಗಂಟೆ. ಇರಕಲ್ಲಗಡದಲ್ಲಿ ಜೀಪು ನಿಂತಾಗ ಪಕೀರಮ್ಮ ಇಸ್ತ್ರಿ ಸೀರೆಯುಟ್ಟು ಬಾಗಿಲಲ್ಲೇ ಕೂತಿದ್ದಳು. ವಯಸ್ಸು ಐವತ್ತೆಂಟು. ಪಕ್ಕದಲ್ಲಿ ಒಂದು ಕೈಚೀಲ.

"ಭಾನುವಾರನ ಬರ್ತೀರಿ ಅನಕೊಂಡಿದ್ದೆ. ತಡಾ ಮಾಡಿದ್ರಿ," ಎಂದಳು.

"ವಾಡೇಕ ಕೀಲಿ ಹಾಕಿದ್ದು ನೀನ ಏನಬೇ ಯವ್ವಾ?"

"ನಾನ."

"ಬಾಗಿಲ ಮ್ಯಾಲ ಬರದಾಕಿ?"

"ಅದೂ ನಾನ. ಅಕ್ಷರ ತಪ್ಪಿದ್ರ ಹೇಳ್ರಿ, ಮತ್ತ ಬರೀತೀನಿ."

"ಯಾಕ ಮಾಡ್ದಿ?"

ಹೊಳೆವ್ವ ಪಕೀರಮ್ಮನ ತಂಗಿ. ಮದುವೆಯಾದ ವರ್ಷವೇ ಬಸುರಾದಳು. ಕುಬಸ ಮಾಡಿ ಕರೆತರಲು ತವರಿನವರು ಎರಡು ಸಲ ಹೋದರು, ವಾಡೆಯವರು ಕಳಿಸಲಿಲ್ಲ. ಎಂಟನೇ ತಿಂಗಳಲ್ಲಿ ವಾಡೆಯವರೆಲ್ಲ ಪರಊರಿನ ಮದುವೆಗೆ ಹೋಗುವಾಗ, ಸೊಸೆ ತವರಿಗೆ ಓಡಿ ಹೋದಾಳೆಂದು ಒಳಗೆ ಹಾಕಿ ಹೊರಗಿನಿಂದ ಕೀಲಿ ಜಡಿದರು. ಅದೇ ರಾತ್ರಿ ನೋವು ಶುರುವಾಯಿತು.

"ಬೆಳಗಾಗೂತನ ಒದರ್ಯಾಳ ನನ್ನ ತಂಗಿ. ಓಣಿ ತುಂಬ ಮಂದಿ. ವಾಡೇದಾಗ ದೆವ್ವ ಐತಿ ಅಂತ ಕದಾ ಹಾಕ್ಕೊಂಡು ಮಕ್ಕೊಂಡ್ರು. ಮರುದಿನ ಜ್ವರಕ್ಕ ಸತ್ಲು ಅಂತ ಬರಸಿದ್ರು. ಸತ್ತಾಕೀನ ದೆವ್ವ ಮಾಡಲಿಲ್ರಿ ಸಾಹೇಬ್ರ, ಉಸರು ಇದ್ದಾಗನ ಮಾಡಿದ್ರು."

ರಂಜಿತಾ ಮುಖ ಪಕ್ಕಕ್ಕೆ ತಿರುಗಿಸಿಕೊಂಡಳು.

"ಈ ಹುಡುಗನ ನಡಿಗಿ ಹೆಂಗ ಗೊತ್ತಾತು?"

"ದವಾಖಾನ್ಯಾಗ ನರ್ಸ್ ಹುಡುಗ್ಯಾರು ಫೋನಿನ್ಯಾಗ ನೋಡಿ ನಗಾಕತ್ತಿದ್ರು. ಗಂಡಗ ವಿಷಾ ಹಾಕಿದ ಹೊಳೆವ್ವ ಅಂತ. ಕೈಯಾಗಿನ ಬಕೀಟು ಬಿತ್ತು ನಂದು. ಎರಡು ವಾರದ ಹಿಂದ ಅವನ ಹಂತೇಲಿ ಹೋದೆ. ಯಪ್ಪಾ, ನನ್ನ ತಂಗಿ ಅದಾಳ ಆಕಿ, ಹೆಸರು ತಗಿ ಅಂದೆ. ಕತಿ ಐತಿ ಬಿಡಬೇ ಅಜ್ಜಿ ಅಂತ ನಕ್ಕು ಹೋದ."

ಕಾಳಪ್ಪ ಅಲ್ಲಿಂದಲೇ ಸಿದ್ದಾರ್ಥನಿಗೆ ಫೋನ್ ಹಚ್ಚಿದರು. "ಯಾರೋ ಮುದುಕಿ ಬಂದಿದ್ಲು ಸರ್, ನನಗ ನೆನಪಿರಲಿಲ್ಲ," ಎಂಬ ಉತ್ತರ ಬಂತು.

"ಹೆಸರು ತಗೀಲಿಲ್ಲ ಅಂತ ಹದಿನಾಲ್ಕು ಮಂದೀನ ಕೂಡಿ ಹಾಕೂದೇನು? ಒಬ್ಬಾಕಿ ಎಚ್ಚರ ತಪ್ಪಿ ಬಿದ್ಲು," ಎಂದರು ಕಾಳಪ್ಪ.

"ಅದು ತಪ್ಪರಿ. ಆ ಟೀಚರಮ್ಮನ ಕಾಲು ಹಿಡೀತೀನಿ. ಆದ್ರ ಕೀಲಿಕೈ ಅಲ್ಲೇ ಬಿಟ್ಟಿದ್ನೆಲ್ರಿ. ಎದುರಿನ ಗೋಡಿ ಮರಿಗಿ ಕುಂತಿದ್ದೆ. ಒಬ್ಬರಾದ್ರೂ ಬರ್ತಾರ, ತಗೀತಾರ, ನಾ ಎದ್ದು ಮನಿಗಿ ಹೋಗ್ತೀನಿ ಅನಕೊಂಡೆ. ಡ್ರೈವರ್ ಪರಊರಾವ, ಅವಗ ಕತಿ ಗೊತ್ತಿರಲಿಲ್ಲ, ಅದಕ್ಕ ಬಂದ."

ಕಾಳಪ್ಪ ಚೀಲದಿಂದ ನೋಟಿಸ್ ತೆಗೆದರು. ಜಾಮೀನು ಸಿಗುವ ಅಪರಾಧ, ಸಹಿ ಮಾಡಿ ಕರೆದಾಗ ಬಂದರಾಯಿತು, ಬಂಧಿಸುವ ಅಗತ್ಯವಿಲ್ಲ ಎಂದು ತಿಳಿಸಿ ಹೇಳಿದರು.

"ಬ್ಯಾಡ. ಸಹಿ ಮಾಡೂದಿಲ್ಲ."

"ಯವ್ವಾ, ಸರ್ಕಾರಿ ನೌಕರಿ ಐತಿ ನಿಂದು. ಎರಡ ವರ್ಷ ಉಳದೈತಿ. ಒಳಗ ಹೋದ್ರ ಅಮಾನತ್ ಮಾಡ್ತಾರ."

"ಮಾಡ್ಲಿ! ಮೂವತ್ತೆರಡು ವರ್ಷದ ಹೊಟ್ಟಿ ಉರಿ ಮುಂದ ಎರಡು ವರ್ಷದ ನೌಕರಿ ಯಾ ಲೆಕ್ಕಾರಿ? ನನ್ನ ತಂಗಿ ಸತ್ತಾಗ ಒಂದು ಕೇಸ್ ಆಗಲಿಲ್ಲ, ಒಂದು ಹಾಳಿ ಬರೀಲಿಲ್ಲ. ಈಗ ಬರೀರಿ. ಹಿಡಕೊಂಡು ಹೋಗ್ರಿ. ಕೋರ್ಟಿನ್ಯಾಗ ಜಡ್ಜರು ಯಾಕ ಮಾಡ್ದಿ ಅಂತ ಕೇಳ್ತಾರಲ್ಲ, ಅವತ್ತು ಆಕಿ ಹೆಸರು ಹೇಳ್ತೀನಿ. ಅದಕ್ಕ ಮಾಡೀನಿ."

ಕಾಳಪ್ಪ ಎರಡನೇ ಸಲ ಕೇಳಿದರು, ಮೂರನೇ ಸಲವೂ ಕೇಳಿದರು. ಅವಳು ಮೂರು ಸಲವೂ ಇಲ್ಲವೆಂದಳು. ಮಧ್ಯಾಹ್ನ 12.20ಕ್ಕೆ ರಂಜಿತಾಳ ಸಮಕ್ಷಮ ಬಂಧನವಾಯಿತು. ಕೈಚೀಲದಲ್ಲಿ ಒಂದು ಸೀರೆ, ಮಾತ್ರೆ, ಬಾಚಣಿಗೆ ಇದ್ದವು. ಅವಳು ತಯಾರಾಗಿಯೇ ಇದ್ದಳು.

ಕೀಲಿ ಹಾಕಿದ್ದು ಹೇಗೆಂದು ತೋರಿಸಲು 2 ಗಂಟೆಗೆ ಅವಳನ್ನು ಹಳೇಪೇಟೆಗೆ ಕರೆತಂದರು. ಓಣಿಯ ಮನೆಗಳೆಲ್ಲ ಬಾಗಿಲಿಗೆ ಬಂದು ನಿಂತವು. ಒದರಿದಾಗ ಬಾರದ ಕಾಲುಗಳು ಜೀಪು ಬಂದಾಗ ಓಡಿ ಬಂದವು! ಸಿದ್ದಾರ್ಥನೂ ಬಂದಿದ್ದ. ಅವನ ಮುಖ ಬಾಡಿತ್ತು.

"ಸರ್, ನಾ ಕಂಪ್ಲೇಂಟ್ ವಾಪಸ್ ತಗೋತೀನಿ."

"ತಗೊಂಡಿ ಅಂದ್ರ ನೋಡು!" ಎಂದು ಪಕೀರಮ್ಮ ಗದರಿದಳು. "ಒಂದು ಸಲ ಮುಚ್ಚಿ ಹಾಕಿದ್ದು ಸಾಕು. ಕೇಸ್ ನಡೀಲಿ. ನಿನ್ನ ಸ್ಪೀಕರಿನ್ಯಾಗ ಅಳ್ತಾಳಲ್ಲ, ಆಕಿ ಯಾರು ಅಂತ ನೀನೂ ಕೇಳು."

ಸಿದ್ದಾರ್ಥ ವಾಡೆಯೊಳಗೆ ಹೋಗಿ ಸ್ಪೀಕರ್ ಪೆಟ್ಟಿಗೆಯನ್ನು ಕಿತ್ತು ಹೊರತಂದು, ಇದನ್ನೂ ಸಾಕ್ಷ್ಯಕ್ಕೆ ಮುದ್ದೆಮಾಲು ಎಂದು ಬರೆದುಕೊಳ್ಳಿ ಸರ್ ಎಂದ. ಯಂಕೇಶ ಬರೆದುಕೊಂಡ.

ಪಂಚರ ಸಹಿಗೆ ವಿರುಪಣ್ಣನನ್ನು ಕರೆದರು. ಅವನು ಪೆನ್ನು ಹಿಡಿದ, ಸಹಿ ಮಾಡಲಿಲ್ಲ.

"ಸಾಹೇಬ್ರ, ನಂದೊಂದು ಮಾತು ಬರಕೋರಿ."

"ಹೇಳಜ್ಜಾ."

"ಆವತ್ತು ನನಗ ಕೇಳಿತ್ರಿ. ಹೊಳೆವ್ವನ ದನಿ ಅಂತ ಗೊತ್ತಿತ್ತು. ಅಣ್ಣಾ ತಗೀರಿ, ಅಣ್ಣಾ ತಗೀರಿ ಅಂತಿದ್ಲು. ವಾಡೆಯವರಿಗೆ ಹೆದರಿ ಹೊರಳಿ ಮಕ್ಕೊಂಡೆ. ದೆವ್ವ ಅಂತ ಮೊದಲ ಅಂದಾವ ನಾನ."

ಅವನು ಬಾಗಿಲ ಪಕ್ಕದ ಗೋಡೆಯ ಗೂಟ ತೋರಿಸಿದ.

"ಕೀಲಿಕೈ ಆವತ್ತೂ ಹೊರಗ ಇತ್ತು. ಈ ಗೂಟಕ್ಕ."

ಪಕೀರಮ್ಮ ಆ ಗೂಟವನ್ನು ಬಹಳ ಹೊತ್ತು ನೋಡಿದಳು. ಇದು ಅವಳಿಗೆ ಗೊತ್ತಿರಲಿಲ್ಲ.

"ಇದನ್ನ ಓದ್ರಿ ಸಾಹೇಬ್ರ," ಎಂದಳು. "ಎಲ್ಲಾರಿಗೂ ಕೇಳೂ ಹಂಗ ಓದ್ರಿ."

ಹೇಳಿಕೆಯನ್ನು ಓದಿ ಹೇಳುವುದು ಕಾನೂನಿನಲ್ಲಿಯೇ ಇದೆ. ಎಷ್ಟು ಗಟ್ಟಿಯಾಗಿ ಓದಬೇಕು ಎಂದು ಬರೆದಿಲ್ಲ. ಕಾಳಪ್ಪ ಓಣಿಯ ಎರಡೂ ತುದಿಗೆ ಮುಟ್ಟುವಂತೆ, ಹೊಳಿಯಮ್ಮನ ಹೆಸರಿನಿಂದ ಶುರು ಮಾಡಿ ಕೊನೆಯ ಸಾಲಿನವರೆಗೆ ಓದಿದರು. ವಿರುಪಣ್ಣ ಸಹಿ ಮಾಡಿದ. ರಂಜಿತಾ ಕೈ ಕೊಡಲು ಹೋದಳು, ಪಕೀರಮ್ಮ ಬೇಡವೆಂದು ತಾನೇ ಜೀಪು ಹತ್ತಿದಳು.

ಸಂಜೆ ಕಾಳಪ್ಪ ಕೇಸ್ ಡೈರಿ ಬರೆದರು. ಅಪರಾಧದ ಉದ್ದೇಶ ಎಂಬಲ್ಲಿ ಮೊದಲು 'ವೈಯಕ್ತಿಕ ದ್ವೇಷ' ಎಂದು ಬರೆದು ಹೊಡೆದುಹಾಕಿದರು. ಅದರ ಕೆಳಗೆ, 'ಆರೋಪಿಯ ತಂಗಿ ಕೂಗಿದಾಗ ಬಾಗಿಲು ತೆಗೆಯಲು ಯಾರೂ ಬರಲಿಲ್ಲ' ಎಂದು ಬರೆದು, ವೇಳೆ 5.40 ಎಂದು ನಮೂದಿಸಿ ಸಹಿ ಮಾಡಿದರು.