ಮೂರನೆಯ ಗುಂಡು

ಮಂಗಳವಾರ ಬೆಳಿಗ್ಗೆ ಏಳು ಐವತ್ತಕ್ಕೆ ಒಬ್ಬ ಹೆಂಗಸು ಠಾಣೆಯ ಮೆಟ್ಟಿಲು ಹತ್ತಿದಳು. ಅವಳ ಎರಡೂ ತೋಳುಗಳ ಮೇಲೆ ರಕ್ತ ಒಣಗಿ ಕಪ್ಪಾಗಿತ್ತು. ಅದು ಅವಳ ಗಂಡನ ರಕ್ತ. ಹೊಲಗಳ ಅಂಚಿನ ಪಂಪ್‌ಹೌಸಿನಲ್ಲಿ ಅವನು ಪಂಪ್ ಆಪರೇಟರ್.

"ಬಾಗಿಲ ಬೀಗ ತೆಗೀತಿದ್ರು ಮೇಡಂ. ತೊಡೆಗೆ ಗುಂಡು ಹೊಕ್ಕಿದೆ. ಈಗ ಆಪರೇಷನ್‌ಗೆ ಒಳಗೆ ಕರ್ಕೊಂಡು ಹೋದ್ರು. ಹಂದಿ ಹೊಡೆಯೋಕೆ ಬಂದೋನು ಮನುಷ್ಯನ್ನ ಹೊಡೆದಿದ್ದಾನೆ."

ಇನ್ಸ್‌ಪೆಕ್ಟರ್ ಅವಳನ್ನು ಕೂರಿಸಿ, ನೀರು ಕೊಡಿಸಿ, ಹೇಳಿದ್ದನ್ನು ಹೇಳಿದಂತೆಯೇ ಬರೆಸಿಕೊಂಡರು. ಎಂಟು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ನಿರ್ಲಕ್ಷ್ಯದಿಂದ ಗುಂಡು ಹಾರಿಸಿ ತೀವ್ರ ಗಾಯ ಉಂಟುಮಾಡಿದ ಆರೋಪ.

ಆರೋಪಿಯನ್ನು ಹುಡುಕಿಕೊಂಡು ಹೋಗುವ ಕೆಲಸವೇ ಬರಲಿಲ್ಲ. ಬೆಳೆ ಹಾಳುಮಾಡುವ ಹಂದಿಗಳನ್ನು ಹೊಡೆಯಲು ಅರಣ್ಯ ಕಚೇರಿ ನೇಮಿಸಿದ್ದ ಗುರಿಕಾರ ಅವನು. ತನ್ನ ಅಂಗಿ ಹರಿದು ಗಾಯಕ್ಕೆ ಕಟ್ಟಿ, ಗಾಯಾಳುವನ್ನು ತಾನೇ ಆಸ್ಪತ್ರೆಗೆ ಸೇರಿಸಿ, ಬನಿಯನ್ನಿನಲ್ಲೇ ಠಾಣೆಗೆ ಬಂದಿದ್ದ. ಕಚೇರಿಯ ರೈಫಲ್ಲಿನ ಗುಂಡು ತುಂಬುವ ಬೋಲ್ಟನ್ನು ಕಳಚಿ, ಎರಡನ್ನೂ ಬೇರೆ ಬೇರೆಯಾಗಿ ಮೇಜಿನ ಮೇಲಿಟ್ಟ.

"ಎಷ್ಟು ಹಾರಿಸಿದ್ರಿ?"

"ಮೂರು. ಮೊದಲನೇದಕ್ಕೆ ಒಂದು ಹಂದಿ ಬಿತ್ತು. ಇನ್ನೊಂದು ಅಲ್ಲೇ ನಿಂತಿತ್ತು. ಎರಡನೇದು ತಪ್ಪಿತು. ಮೂರನೇದು ಹೀಗಾಯ್ತು."

"ಹಂದಿ ಹಿಂದೆ ಏನಿತ್ತು?"

"ಮಣ್ಣಿನ ಏರಿ. ಅದು ಇದೆ ಅಂತ ನೋಡ್ಕೊಂಡೇ ಹಾರಿಸಿದ್ದು."

"ಕುಡಿದಿದ್ರಾ?"

"ಇಲ್ಲ."

ರಕ್ತ ಪರೀಕ್ಷೆಯೂ ಮಧ್ಯಾಹ್ನದ ಹೊತ್ತಿಗೆ ಅದನ್ನೇ ಹೇಳಿತು.

"ಮತ್ತೆ ಗುಂಡು ಯಾಕೆ ಅಡ್ಡ ಹೋಯ್ತು?"

ಅವನು ತನ್ನ ಅಂಗೈಗಳನ್ನೇ ನೋಡಿಕೊಂಡ. "ಈ ರೈಫಲ್ ಗುರಿ ತಪ್ಪಿಸುತ್ತೆ ಅಂತ ಮೂರು ಸಲ ಬರೆದುಕೊಟ್ಟೆ ಮೇಡಂ. ಮೂರು ಸಲಾನೂ ಮೇಷ್ಟ್ರು ಪರೀಕ್ಷೆ ಮಾಡಿ ಸರಿಯಿದೆ ಅಂದ್ರು. ಅವರೇ ಸರಿಯಿದೆ ಅಂದಮೇಲೆ ತಪ್ಪು ನನ್ನ ಕೈದೇ ಇರಬೇಕು."

ಮೇಷ್ಟ್ರು ಅಂದರೆ ಕಚೇರಿಯ ಬಂದೂಕುಗಳ ಉಸ್ತುವಾರಿ. ಇಪ್ಪತ್ತೆಂಟು ವರ್ಷಗಳಿಂದ ಅಲ್ಲಿನ ಗುರಿಕಾರರಿಗೆಲ್ಲ ಬಂದೂಕು ಹಿಡಿಯುವುದನ್ನು ಕಲಿಸಿದವರು ಅವರೇ. ಈ ಗುರಿಕಾರನೂ ಅವರ ಶಿಷ್ಯನೇ.

ಹನ್ನೊಂದು ಗಂಟೆಗೆ ಸ್ಥಳ ಪಂಚನಾಮೆ ನಡೆಯಿತು. ಹೆಡ್ ಕಾನ್ಸ್‌ಟೇಬಲ್ಲಿಗೆ ಠಾಣೆಯಲ್ಲಿ ಟೇಪಣ್ಣ ಎಂದೇ ಹೆಸರು, ಅಳೆಯದೆ ಅವನು ಚಹಾವನ್ನೂ ಕುಡಿಯುವುದಿಲ್ಲ ಎಂದು ಎಲ್ಲರ ತಮಾಷೆ. ಗುರಿಕಾರ ನಿಂತ ಜಾಗದಿಂದ ಹಂದಿ ನಿಂತ ಜಾಗಕ್ಕೆ ನೂರೈವತ್ತು ಮೀಟರ್. ಅದರ ಹಿಂದೆ ಆಳೆತ್ತರದ ಏರಿ. ಏರಿಯ ಬಲ ತುದಿಯಲ್ಲಿ ಒಂದು ಕಲ್ಲು, ಕಲ್ಲಿನ ಮೇಲೆ ಸೀಸದ ಹೊಸ ಗೀರು. ಗುಂಡು ಅದಕ್ಕೆ ಬಡಿದು ಪಂಪ್‌ಹೌಸಿನ ಕಡೆ ಚಿಮ್ಮಿತ್ತು.

"ಒಂದೂವರೆ ಅಡಿ ಮೇಡಂ" ಎಂದ ಟೇಪಣ್ಣ. "ಅಷ್ಟು ಎಡಕ್ಕೆ ಹೋಗಿದ್ರೆ ಮಣ್ಣಲ್ಲಿ ಹೂತುಹೋಗ್ತಿತ್ತು."

ಮಧ್ಯಾಹ್ನ ಎರಡಕ್ಕೆ ಇನ್ಸ್‌ಪೆಕ್ಟರ್ ಅರಣ್ಯ ಕಚೇರಿಗೆ ಹೋದಾಗ ಗುರಿಕಾರನ ಅಮಾನತು ಆದೇಶ ಆಗಲೇ ಟೈಪ್ ಆಗಿತ್ತು. ಕಾರಣ: ಗುರಿಕಾರನ ಅಜಾಗರೂಕತೆ. ತನಿಖೆ ಶುರುವಾಗಿ ಆರು ಗಂಟೆ ಆಗಿರಲಿಲ್ಲ, ತೀರ್ಪಿನ ಶಾಯಿ ಒಣಗಿತ್ತು. ಕೆಳಗಿನವನ ತಲೆಗೆ ಕಟ್ಟುವ ಕೆಲಸ ಬಂದರೆ ಕಚೇರಿಗಳಿಗೆ ಎಲ್ಲಿಲ್ಲದ ಚುರುಕು ಬರುತ್ತದೆ. ಇನ್ಸ್‌ಪೆಕ್ಟರಿಗೆ ಮೈ ಉರಿಯಿತು.

ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿಯಲ್ಲಿ ನೆಟ್ಟಗೆ ಕೂತಿದ್ದರು. ಎರಡೂ ಕೈ ಮೇಜಿನ ಕೆಳಗಿದ್ದವು.

"ರೈಫಲ್‌ನಲ್ಲಿ ಏನೂ ದೋಷ ಇಲ್ಲ. ಪ್ರತಿ ಸಲ ಮೂರು ಗುಂಡು ಹಾರಿಸಿ ನೋಡಿದ್ದೀನಿ. ಗುರಿಹಾಳೆ ಫೈಲಿನಲ್ಲಿದೆ."

"ಹಾಗಾದ್ರೆ ತಪ್ಪು ಯಾರದ್ದು?"

"ಹೇಳೋಕೆ ಬೇಜಾರು. ಈಚೀಚೆಗೆ ಅವನ ಕೈ ನಡುಗುತ್ತೆ. ನಾನೇ ನೋಡಿದ್ದೀನಿ."

ಹೇಳಿಕೆ ದಾಖಲಾಯಿತು. ಆ ಒಂದು ಮಾತು ನ್ಯಾಯಾಲಯದಲ್ಲಿ ನಿಂತರೆ ಗುರಿಕಾರನಿಗೆ ಜೈಲು ಖಚಿತ, ಕೆಲಸವೂ ಲೈಸೆನ್ಸೂ ಜನ್ಮಕ್ಕೆ ಹೋದ ಹಾಗೆ. ಫೈಲೂ ಗುಂಡುಗಳ ರಿಜಿಸ್ಟರೂ ಜಪ್ತಿಯಾದವು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಪೊಲೀಸ್ ಗುರಿಮೈದಾನದಲ್ಲಿ, ಪಂಚರ ಎದುರು, ವಿಧಿವಿಜ್ಞಾನ ಪ್ರಯೋಗಾಲಯದ ತಜ್ಞೆ ರೈಫಲ್ಲನ್ನು ಮರಳು ಮೂಟೆಗಳ ಮೇಲೆ ಮಲಗಿಸಿದರು. ಅದರ ಮೇಲಿನ ಗುರಿ ನೋಡುವ ದುರ್ಬೀನನ್ನು ಹಿಡಿದಿದ್ದ ಸ್ಕ್ರೂಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ಬಿಗಿಯಾಗಿದ್ದವು. ನಳಿಕೆಯ ಬಾಯಿಯಲ್ಲಿ ಜಜ್ಜಿದ ಗುರುತಿರಲಿಲ್ಲ, ಒಳಗೆ ತುಕ್ಕಿರಲಿಲ್ಲ. ನಳಿಕೆಯನ್ನು ಮರದ ಹಿಡಿಗೆ ಕೂರಿಸುವ ಸ್ಕ್ರೂಗಳೂ ಸರಿಯಾಗಿದ್ದವು.

"ಗುಂಡಿನ ದೋಷ ಇರಬಹುದಾ?" ಇನ್ಸ್‌ಪೆಕ್ಟರ್ ಕೇಳಿದರು.

"ಅದೇ ಪೆಟ್ಟಿಗೆಯ ಗುಂಡನ್ನ ಇನ್ನೊಂದು ರೈಫಲ್‌ನಲ್ಲಿ ಹಾಕಿ ನೋಡೋಣ."

ಇನ್ನೊಂದು ರೈಫಲ್ ಅವೇ ಗುಂಡುಗಳನ್ನು ಒಂದೇ ಕಡೆ ಕೂರಿಸಿತು. ಆಮೇಲೆ ಈ ರೈಫಲ್. ನೂರು ಮೀಟರಿನಲ್ಲಿ ಮೊದಲ ಗುಂಡು ನಟ್ಟನಡುವೆ ಬಿತ್ತು. ಎರಡನೆಯದು ನಾಲ್ಕು ಬೆರಳು ಬಲಕ್ಕೆ. ಮೂರನೆಯದು ಒಂದಡಿ ಬಲಕ್ಕೆ.

ನಲವತ್ತು ನಿಮಿಷ ಯಾರೂ ಅದನ್ನು ಮುಟ್ಟಲಿಲ್ಲ. ನಳಿಕೆ ತಣ್ಣಗಾದ ಮೇಲೆ ಹಾರಿಸಿದ ಗುಂಡು ಮತ್ತೆ ನಟ್ಟನಡುವೆ.

ತಜ್ಞೆ ಒಂದು ಹಾಳೆಯ ಪಟ್ಟಿ ಹರಿದು ನಳಿಕೆಗೂ ಮರಕ್ಕೂ ನಡುವೆ ತೂರಿಸಿ ಕೆಳಗೆ ಎಳೆದರು. ಅದು ಸರಾಗವಾಗಿ ಬುಡದವರೆಗೆ ಬರಬೇಕು. ನಡುದಾರಿಯಲ್ಲೇ ಸಿಕ್ಕಿಕೊಂಡಿತು.

"ಇಲ್ಲಿ ನೋಡಿ. ತೇವಕ್ಕೆ ಎಡಗಡೆಯ ಮರ ಉಬ್ಬಿದೆ. ನಳಿಕೆ ಕಾಯ್ತಿದ್ದ ಹಾಗೆ ಮರ ಅದನ್ನ ಬಲಕ್ಕೆ ತಳ್ಳುತ್ತೆ. ತಣ್ಣಗಿದ್ದಾಗ ಗೊತ್ತೇ ಆಗಲ್ಲ. ಮೂರು ಗುಂಡು ಒಂದರ ಹಿಂದೆ ಒಂದು ಹಾರಿಸಿದ್ರೆ ಕುರುಡನಿಗೂ ಗೊತ್ತಾಗುತ್ತೆ."

"ಸರಿ ಮಾಡೋಕೆ ಎಷ್ಟು ಹೊತ್ತು?"

"ಆ ಮರ ಉಜ್ಜಿ ತೆಗೆಯೋಕೆ ಅರ್ಧ ಗಂಟೆ ಸಾಕು."

ಅರ್ಧ ಗಂಟೆಯ ಸ್ಯಾಂಡ್‌ಪೇಪರ್ ಕೆಲಸಕ್ಕೆ ಒಬ್ಬನ ತೊಡೆ ಮೂಳೆ ಪುಡಿಯಾಗಿತ್ತು, ಇನ್ನೊಬ್ಬ ತನ್ನ ಕೈಯನ್ನೇ ನಂಬದ ಹಾಗಾಗಿದ್ದ. ಈಗ ಉಳಿದಿದ್ದು ಒಂದೇ ಪ್ರಶ್ನೆ. ಮೇಷ್ಟ್ರು ಮೂರು ಮೂರು ಗುಂಡು ಹಾರಿಸಿ ನೋಡಿದ್ದರೆ ಈ ದೋಷ ಕಣ್ಣಿಗೆ ಬೀಳದೆ ಹೋದದ್ದು ಹೇಗೆ?

ಫೈಲಿನಿಂದ ಮೂರು ಗುರಿಹಾಳೆ ಹೊರಬಂದವು. ಒಂದೊಂದರಲ್ಲೂ ಮೂರು ತೂತು, ಒಂದಕ್ಕೊಂದು ಅಂಟಿಕೊಂಡಂತೆ, ನಟ್ಟನಡುವೆ. ಕೆಳಗೆ 'ಪರೀಕ್ಷಿಸಲಾಗಿದೆ, ಸರಿಯಿದೆ' ಎಂಬ ಒಕ್ಕಣೆ. ತಜ್ಞೆ ಭೂತಗನ್ನಡಿ ಹಿಡಿದರು. ಆಗತಾನೆ ಹಾರಿಸಿದ ಹಾಳೆಯನ್ನು ಪಕ್ಕದಲ್ಲಿಟ್ಟರು.

"ಗುಂಡು ಹೊಕ್ಕ ತೂತಿನ ಅಂಚಿಗೆ ಮಸಿಯ ಉಂಗುರ ಇರುತ್ತೆ. ಇದರಲ್ಲಿದೆ, ಅವರದ್ದರಲ್ಲಿ ಇಲ್ಲ. ಇವನ್ನ ದಬ್ಬಳದಲ್ಲಿ ಚುಚ್ಚಿ ಅಗಲ ಮಾಡಿದ್ದಾರೆ."

"ಒಂಬತ್ತೂ?"

"ಒಂಬತ್ತೂ."

ಟೇಪಣ್ಣ ಗುಂಡುಗಳ ರಿಜಿಸ್ಟರ್ ತಿರುವಿ ಹಾಕಿದ. ಪರೀಕ್ಷೆಗೆಂದು ಒಂಬತ್ತು ಗುಂಡು ಖರ್ಚು ಎಂದು ಬರೆದಿತ್ತು. ಗುರುವಾರ ಹತ್ತೂವರೆಗೆ ಪಂಚರ ಸಮಕ್ಷಮ ಮೇಷ್ಟ್ರ ಮೇಜಿನ ಖಾನೆ ತೆಗೆಸಿದಾಗ ಒಂಬತ್ತು ಗುಂಡುಗಳೂ ಹಳೆಯ ಕಾಲುಚೀಲದಲ್ಲಿ ಬೆಚ್ಚಗೆ ಕೂತಿದ್ದವು. ಒಂದು ದಬ್ಬಳವೂ ಸಿಕ್ಕಿತು. ಎಲ್ಲವನ್ನೂ ಎಣಿಸಿ, ಕಟ್ಟಿ, ಅರಗಿನ ಮುದ್ರೆ ಒತ್ತಲಾಯಿತು.

"ಇದೇನು ಮೇಷ್ಟ್ರೇ?"

ಮೇಷ್ಟ್ರು ಕಿಟಕಿಯ ಕಡೆ ನೋಡಿದರು.

"ಹಾರಿಸದೆ ಹಾರಿಸಿದ್ದೀನಿ ಅಂತ ಯಾಕೆ ಬರೆದ್ರಿ?"

"ಅವಸರ ಇತ್ತು."

"ಮೂರು ಸಲಾನೂ?"

ಇನ್ಸ್‌ಪೆಕ್ಟರ್ ಜಪ್ತಿ ಪಟ್ಟಿಯನ್ನೂ ಪೆನ್ನನ್ನೂ ಮುಂದೆ ತಳ್ಳಿದರು. ಮೇಷ್ಟ್ರು ಬಲಗೈಯನ್ನು ಮೇಜಿನ ಮೇಲೆ ತರಲೇಬೇಕಾಯಿತು. ಪೆನ್ನು ಹಾಳೆಗೆ ಟಕಟಕ ಬಡಿಯಿತು. ಎಡಗೈಯಿಂದ ಬಲಗೈಯನ್ನು ಅದುಮಿ ಹಿಡಿದರೂ ನಿಲ್ಲಲಿಲ್ಲ.

"ಯಾವಾಗಿಂದ?"

"ಎರಡು ವರ್ಷ ಆಯ್ತು." ಮೇಷ್ಟ್ರ ದನಿ ಸಣ್ಣದಾಯಿತು. "ಹಾರಿಸಿದ್ರೆ ಗುಂಡು ಹಾಳೆ ಬಿಟ್ಟು ಹೋಗ್ತಿತ್ತು. ನಾಳೆಯಿಂದ ನನ್ನನ್ನ ಯಾರು ಮೇಷ್ಟ್ರು ಅಂತಾರೆ?"

"ಕಾಯಿಲೆ ಬಂದದ್ದು ನಿಮ್ಮ ತಪ್ಪಲ್ಲ" ಎಂದರು ಇನ್ಸ್‌ಪೆಕ್ಟರ್. ಇಷ್ಟು ಹೊತ್ತು ಅದುಮಿಟ್ಟ ಸಿಟ್ಟು ಈಗ ದನಿಗೆ ಬಂತು. "ಅದನ್ನ ಮುಚ್ಚಿಟ್ಟು ಕೆಟ್ಟ ಬಂದೂಕು ಕೊಟ್ಟು ಕಳಿಸಿದ್ದು ತಪ್ಪು. ಆಮೇಲೆ ನಿಮ್ಮ ಕೈಯ ನಡುಕವನ್ನ ಅವನ ಕೈಗೆ ಅಂಟಿಸಿದ್ರಲ್ಲ, ಅದಕ್ಕೆ ಏನಂತ ಹೇಳಲಿ? ಅವನು ನಿಮ್ಮನ್ನ ನಂಬಿ, ತಪ್ಪು ತನ್ನದೇ ಅಂತ ಠಾಣೆಯಲ್ಲಿ ಕೂತಿದ್ದಾನೆ."

ಹನ್ನೆರಡು ನಲವತ್ತಕ್ಕೆ ಬಂಧನ. ಸುಳ್ಳು ದಾಖಲೆ ಸೃಷ್ಟಿ, ಸುಳ್ಳು ಹೇಳಿಕೆ, ನಿರ್ಲಕ್ಷ್ಯದಿಂದ ಗಾಯಕ್ಕೆ ಕಾರಣವಾದದ್ದು. ಮೂರು ದೂರು ಕೈಯಲ್ಲಿದ್ದೂ ಹಾಳೆಗಳನ್ನು ಬಿಚ್ಚಿಯೂ ನೋಡದೆ ರುಜು ಹಾಕಿದ್ದ ಅರಣ್ಯಾಧಿಕಾರಿಯ ಮೇಲೂ ವರದಿ ಹೋಯಿತು. ಅಮಾನತು ರದ್ದುಮಾಡುವ ಆದೇಶ ಟೈಪ್ ಆಗಲು ಮಾತ್ರ ಹನ್ನೊಂದು ದಿನ ಹಿಡಿಯಿತು.

ಬಂಧನವಾದ ದಿನವೇ ಸಂಜೆ ನಾಲ್ಕಕ್ಕೆ ಇನ್ಸ್‌ಪೆಕ್ಟರ್ ಗುರಿಕಾರನನ್ನು ಕರೆಸಿ, ಮರದ ಉಬ್ಬಿನಿಂದ ಹಿಡಿದು ದಬ್ಬಳದವರೆಗೆ ಎಲ್ಲವನ್ನೂ ಹೇಳಿದರು. ಪಂಪ್ ಆಪರೇಟರನ ಕಾಲು ಉಳಿದಿದೆ, ಕುಂಟು ಮಾತ್ರ ಹೋಗುವುದಿಲ್ಲ ಎಂದೂ ಹೇಳಿದರು.

"ಅಂದ್ರೆ ನನ್ನ ಕೈ ಸರಿಯಿದೆಯಾ ಮೇಡಂ?"

"ಸರಿಯಿದೆ."

ಅವನು ಬೆಂಚಿನ ಮೇಲೆ ಕೂತು ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಮೇಷ್ಟ್ರನ್ನು ಬೈಯುತ್ತಾನೆ ಎಂದು ಎಲ್ಲರೂ ಕಾದರು. ಬೈಯುವ ಹಕ್ಕು ಅವನಿಗಿತ್ತು.

"ನನ್ನ ಹತ್ರ ಒಂದು ಮಾತು ಹೇಳಬಾರದಿತ್ತಾ" ಎಂದ ಕೊನೆಗೆ. "ಅವರ ಬದಲು ನಾನೇ ಹಾರಿಸಿ ಕೊಡ್ತಿದ್ದೆ. ಹಾಳೆಗೆ ಅವರೇ ರುಜು ಹಾಕಬಹುದಿತ್ತು. ಸಾಯೋವರೆಗೂ ಯಾರಿಗೂ ಹೇಳ್ತಿರಲಿಲ್ಲ."

ಇನ್ಸ್‌ಪೆಕ್ಟರ್ ಅದನ್ನು ಹೇಳಿಕೆಯಲ್ಲಿ ಬರೆಸಲಿಲ್ಲ. ಎದ್ದು ಒಳಗೆ ಹೋಗಿ, ಲಾಕಪ್ಪಿನ ಕಂಬಿಯ ಹೊರಗೆ ನಿಂತು, ಆ ಮಾತನ್ನು ಅವನು ಆಡಿದಂತೆಯೇ ಮೇಷ್ಟ್ರಿಗೆ ಹೇಳಿದರು. ಅಷ್ಟು ಹೊತ್ತೂ ನೆಟ್ಟಗೆ ಕೂತಿದ್ದ ಮನುಷ್ಯ ಗೋಡೆಯ ಕಡೆ ತಿರುಗಿ ಅತ್ತ.